ಮಲ್ಪೆಯ ಕಲ್ಲುದಂಡೆಯಲ್ಲಿ ಗಾಳದ ಆಟ

ಮಲ್ಪೆ ಎಂದಕೂಡಲೇ ನಿಮಗೆ ಏನು ನೆನಪಾಗುತ್ತದೆ? ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ, ಮಕ್ಕಳನ್ನು ಸ್ವಲ್ಪ ಹೊತ್ತು ಮರಳಿನಲ್ಲಿ ಆಡಲು ಬಿಟ್ಟು, ಒಂದೊಂದು ಎಳನೀರು ಕುಡಿದು ಬಸ್ಸು ಹತ್ತುವ ಜಾಗ, ಅಲ್ಲವೇ? ಉಡುಪಿಯಿಂದ ಬರೇ ಆರು ಕಿಲೋಮೀಟರು. ನಾವೂ ಎಷ್ಟೋ ಸಲ ಹೀಗೆಯೇ ಹೋಗಿ ಬಂದವರು. ಈ ಸಲದ ದಸರಾ ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಮಾತ್ರ ಭಾವ ನಮಗೆ ಬೆಳಗಿನ ಜಾವದ ಮಲ್ಪೆಯನ್ನು ತೋರಿಸಿದರು.

ಐದೂವರೆಗೇ ಬಂದರಿನ ದಕ್ಕೆಯಲ್ಲಿ ಸಂತೆಯ ಗದ್ದಲ. ದೋಣಿಗಳಿಂದ ಬುಟ್ಟಿಬುಟ್ಟಿ ಬಂಗುಡೆ, ಭೂತಾಯಿ ಇಳಿಯುತ್ತಿತ್ತು. ಹೆಂಗಸರು ಸೆರಗು ಬಿಗಿದು ಏಲಂ ಕೂಗುತ್ತಿದ್ದರು. ಅದನ್ನೆಲ್ಲಾ ದಾಟಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಕಡೆ ಬಂದರೆ ಅಲೆ ತಡೆಯಲು ದೊಡ್ಡ ದೊಡ್ಡ ಬಂಡೆ ಪೇರಿಸಿದ ದಂಡೆ ಇದೆ. ಅದರ ಮೇಲೆ ಏಳೆಂಟು ಮಂದಿ ಉದ್ದನೆಯ ಕೋಲು ಹಿಡಿದು, ಧ್ಯಾನಕ್ಕೆ ನಿಂತವರ ಹಾಗೆ ನಿಂತಿದ್ದರು. ಒಬ್ಬರು ಬ್ಯಾಂಕಿನವರು, ಒಬ್ಬರು ಔಷಧಿ ಅಂಗಡಿಯವರು, ಇಬ್ಬರು ಕಾಲೇಜು ಹುಡುಗರು. ಯಾರೂ ಮೀನು ಮಾರುವವರಲ್ಲ. ಇದು ಅವರಿಗೆ ಆಟ!

ಈ ಆಟಕ್ಕೂ ಒಂದು ಚರಿತ್ರೆ ಇದೆ. 1898ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಬಳಿಯ ಕ್ಯಾಟಲಿನಾ ದ್ವೀಪದಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬಾತ ಕೋಲು, ರೀಲುಗಳಿಂದ 183 ಪೌಂಡಿನ ಟ್ಯೂನಾ ಮೀನನ್ನು ಹಿಡಿದು ಹೆಸರಾದ. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ಬು ಶುರುವಾಯಿತು. ದಪ್ಪ ಹಗ್ಗ ಕಟ್ಟಿ ದರದರನೆ ಎಳೆಯಬಾರದು, ಸಪೂರ ದಾರದಲ್ಲಿ ಹಿಡಿಯಬೇಕು, ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು. ಇದು ಆ ಆಟದ ಧರ್ಮ.

ನಮ್ಮ ಅಡಿಗೆಮನೆಗೆ ಬರುವ ಮೀನುಗಳೇ ಇಲ್ಲಿ ಆಟದ ಹುಲಿಗಳು. ತವಾದ ಮೇಲೆ ಸಾಧುವಾಗಿ ಮಲಗುವ ಅಂಜಲ್ ನೀರಿನಲ್ಲಿ ಬಾಣದಂತೆ ಓಡುತ್ತದಂತೆ. ಅದರ ಹಲ್ಲು ನೈಲಾನ್ ದಾರವನ್ನು ಕತ್ತರಿಯ ಹಾಗೆ ತುಂಡರಿಸುವುದರಿಂದ ಗಾಳದ ಬುಡಕ್ಕೆ ತಂತಿಯನ್ನೇ ಕಟ್ಟಬೇಕು. ಬಂಡೆಸಂದಿಯ ಮುರು ಮೀನು ಗಾಳ ಕಚ್ಚಿದೊಡನೆ ತನ್ನ ಗುಹೆ ಹೊಕ್ಕು ಕೂತುಬಿಡುತ್ತದೆ, ಜಪ್ಪಯ್ಯ ಎಂದರೂ ಹೊರಗೆ ಬರುವುದಿಲ್ಲ. ದೂರದ ಆಳಸಮುದ್ರದಲ್ಲಿ ಬೆನ್ನ ಮೇಲೆ ಹಾಯಿ ಬಿಚ್ಚಿಕೊಂಡು ಹೋಗುವ ಹಾಯಿಮೀನೂ ಉಂಟು. ಅಳಿವೆಯ ರಾಜ ಮಾತ್ರ ಸೀಬಾಸ್, ಕಾರವಾರದ ಕೊಂಕಣಿಯಲ್ಲಿ ಚೊಣಕ್.

ಅಂದು ಭಾವನ ಗಾಳಕ್ಕೆ ಬಿದ್ದದ್ದೂ ಅದೇ. ರೀಲು ಕಿರ್ರ್ ಎಂದು ಕೂಗಿತು, ಕೋಲು ಬಿಲ್ಲಿನಂತೆ ಬಾಗಿತು. ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿತು ನೋಡಿ, ನನ್ನ ಎದೆ ಝಲ್ಲೆಂದಿತು. ಕಾಲು ಗಂಟೆಯ ಜಗ್ಗಾಟದ ಮೇಲೆ ಉದ್ದ ಹಿಡಿಯ ಬಲೆಯಲ್ಲಿ ಎತ್ತಿ ತೂಗಿದರೆ ಎಂಟು ಕಿಲೋ! ಅಕ್ಕನೂ ನಾನೂ ಮನಸ್ಸಿನಲ್ಲಿಯೇ ಮೆಣಸು, ಹುಣಿಸೆ ಅರೆಯಲು ತೊಡಗಿದ್ದೆವು. ಅಷ್ಟರಲ್ಲಿ ಭಾವ ಗಾಳ ಬಿಡಿಸಿ, ಮೀನನ್ನು ಕೆಳಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಆನಿಸಿ ಹಿಡಿದು, ಅದಕ್ಕೆ ಉಸಿರು ಮರಳಿದ ಮೇಲೆ ಮೆಲ್ಲಗೆ ಬಿಟ್ಟೇಬಿಟ್ಟರು.

ದಕ್ಕೆಯಿಂದ ಬುಟ್ಟಿ ಹೊತ್ತು ಬಂದು ನಮ್ಮ ಜೊತೆ ನೋಡುತ್ತಾ ನಿಂತಿದ್ದ ಮೀನು ಮಾರುವ ಅಮ್ಮನಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ರೆ ಇದು! ನಾಲ್ಕು ದಿನದ ಗಂಜಿಗೆ ಆಗ್ತಿತ್ತು. ಹಿಡಿದದ್ದನ್ನು ವಾಪಸ್ ಬಿಡುದಾದ್ರೆ ಹಿಡಿಯುದೆಂತಕ್ಕೆ?" ಎಂದರು. ನನ್ನ ಬಾಯಿಗೆ ಬಂದಿದ್ದ ಮಾತೂ ಅದೇ. ಹೊಟ್ಟೆಪಾಡಿಗೆ ಕಡಲನ್ನು ನಂಬಿದವರ ಎದುರು ಎಂಟು ಕಿಲೋ ಮೀನನ್ನು ಆಟವೆಂದು ಬಿಡುವುದು ಸರಿಯೇ?

ಭಾವ ಕೈ ಒರೆಸಿಕೊಂಡು ಹೇಳಿದರು: "ಅದು ತಾಯಿ ಮೀನು ಅಮ್ಮ. ಈ ಜಾತಿಯಲ್ಲಿ ಮೊದಲು ಎಲ್ಲವೂ ಗಂಡು. ಕೆಲವು ವರ್ಷ ಕಳೆದು, ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಇಷ್ಟು ದೊಡ್ಡದೆಂದರೆ ಹೆಣ್ಣೇ. ಲಕ್ಷಗಟ್ಟಲೆ ಮೊಟ್ಟೆ ಇಡುವುದು ಇವೇ. ದೊಡ್ಡದನ್ನೆಲ್ಲಾ ನಾವು ಹಿಡಿದರೆ ಅಳಿವೆಗೆ ಮರಿ ಎಲ್ಲಿಂದ?"

ಆಕೆ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಬಿಟ್ಟದ್ದು ಸರಿ. ನಮ್ಮ ಬುಟ್ಟಿ ತುಂಬುದೂ ಅದರಿಂದಲೇ ಅಲ್ವಾ?" ಎಂದು ಸಿಂಬಿ ಸರಿಮಾಡಿಕೊಂಡು ಹೊರಟರು.

ಸೋದರಿಯರೇ, ದಾಖಲೆಯ ಮೀನುಗಳ ಕಥೆಯೂ ಇದೇ. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊ ಕಡಲಿನಲ್ಲಿ ಆಲ್‌ಫ್ರೆಡ್ ಗ್ಲಾಸೆಲ್ ಎಂಬಾತ 1,560 ಪೌಂಡಿನ, ಎಂದರೆ ಏಳುನೂರು ಕಿಲೋ ಮೀರಿದ ಕಪ್ಪು ಮಾರ್ಲಿನ್ ಹಿಡಿದ. ಮರುವರ್ಷ ಅಲ್ಲಿಯೇ ಕಿಂಬರ್ಲಿ ವಿಸ್ ಎಂಬ ಮಹಿಳೆ 1,525 ಪೌಂಡಿನದನ್ನು ಹಿಡಿದಳು. ಹೆಂಗಸರು ಏನು ಕಡಿಮೆ! ಆದರೆ ಮಾರ್ಲಿನ್‌ಗಳಲ್ಲಿಯೂ ಇಂಥ ದೈತ್ಯ ಮೀನುಗಳು ಹೆಣ್ಣುಗಳೇ. ಮುರು ಮೀನಿನದು ಇದಕ್ಕೆ ತಿರುಗುಮುರುಗು. ಅದು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಅಲ್ಲಿ ದೊಡ್ಡದನ್ನೆಲ್ಲಾ ಹಿಡಿದರೆ ಗಂಡೇ ಇಲ್ಲವಾಗುತ್ತದೆ. ಮೀನಿನ ಸಂಸಾರವೂ ನಾಜೂಕಿನದೇ. ಮಳೆಗಾಲದ ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಯಂತ್ರದ ದೋಣಿಗಳು ದಡದಲ್ಲಿ ನಿಲ್ಲುವುದು ಅಬ್ಬರದ ಕಡಲಿಗೆ ಹೆದರಿ ಮಾತ್ರವಲ್ಲ, ಮೀನು ಮರಿಮಾಡಲಿ ಎಂದೂ ಹೌದು.

ನಿಮ್ಮ ಮನೆಯವರಿಗೋ ಮಗನಿಗೋ ಈ ಹುಚ್ಚು ಹತ್ತಿದರೆ ಕೆಲವು ಮಾತು ಹೇಳಿಡಿ. ಪಾಚಿ ಕಟ್ಟಿದ ಬಂಡೆ ಎಣ್ಣೆ ಸುರಿದ ನೆಲವಿದ್ದಂತೆ. ಒಬ್ಬರೇ ಹೋಗುವುದು ಬೇಡ, ಸವೆದ ಚಪ್ಪಲಿ ಬೇಡ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಜೋರು. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಮಳೆಗಾಲದಲ್ಲಿ ದಂಡೆಯ ಕಡೆ ತಲೆಯೇ ಹಾಕಬಾರದು. ಸೀಬಾಸಿನ ಕಿವಿರಿನ ಅಂಚು ಬ್ಲೇಡಿನಷ್ಟು ಹರಿತ, ಬರಿಗೈ ಹಾಕಬಾರದು. ತುಂಡಾದ ದಾರವನ್ನು ಅಲ್ಲೇ ಎಸೆಯದೆ ಸುತ್ತಿ ಮನೆಗೆ ತರಲಿ. ಹಕ್ಕಿಗಳ ಕಾಲಿಗೆ, ಆಮೆಗಳ ಕುತ್ತಿಗೆಗೆ ಅದೇ ಉರುಳು. ಮನೆಗೆ ಬೇಕಾದಷ್ಟು ಇಟ್ಟುಕೊಂಡು, ತೀರಾ ಸಣ್ಣದನ್ನೂ ತೀರಾ ದೊಡ್ಡದನ್ನೂ ಕಡಲಿಗೆ ಬಿಡಲಿ.

ಅಂದ ಹಾಗೆ, ಕೋಲು ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಬರೆದಿಲ್ಲ. ಅಕ್ಕನ ಮಗಳು ಅಂದು ಸಿಗಡಿಯ ತುಂಡು ಚುಚ್ಚಿ ನಾಲ್ಕು ಕಾಣೆ ಮೀನು ಹಿಡಿದಳು. ಅಷ್ಟೂ ಮಧ್ಯಾಹ್ನ ರವೆ ಹಚ್ಚಿಕೊಂಡು ತವಾ ಏರಿದವು. ಮುಂದಿನ ರಜೆಗೆ ಉಡುಪಿಗೆ ಹೋದರೆ ನೀವೂ ಒಂದು ದಿನ ಕೋಳಿ ಕೂಗುವ ಮುಂಚೆ ಎದ್ದು ಮಲ್ಪೆಗೆ ಹೋಗಿ. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಲು ಮರೆಯಬೇಡಿ, ಮೀನು ನಮ್ಮ ಗಡಿಯಾರ ನೋಡಿ ಬರುವುದಿಲ್ಲ!