ತಂಬೂರಿ, ಡೇರೆ ಮತ್ತು ಕಪ್ಪತಗುಡ್ಡ

ಅರವತ್ತೆರಡರ ಗಂಡ, ಐವತ್ತಾರರ ಹೆಂಡತಿ ಕಾರಿನಲ್ಲಿ ಡೇರೆ ಹಾಕಿಕೊಂಡು ಹೊರಟರೆಂದರೆ ನಮ್ಮ ಸಂಘದ ಮಹಿಳಾ ವಿಭಾಗದಲ್ಲಿ ಎಂತೆಂಥ ಮಾತು ಹುಟ್ಟಿದವೆಂದು ಬರೆಯುವುದಿಲ್ಲ. "ಕಾಶಿಗೆ ಹೋಗಬಾರದೇ?" ಎಂದವರೂ ಉಂಟು. ನಮ್ಮವರಿಗೆ ಮಾತ್ರ ಹಾಡುಗಾರರ ಊರುಗಳನ್ನು ನೋಡುವುದೇ ಕಾಶಿಯಾತ್ರೆ. ನನಗೋ, ಪುಣೆಯ ಪರ್ವತಿಯ ಮೆಟ್ಟಿಲು ದಿನಾ ಹತ್ತಿ ಇಳಿದು ಬೇಸರ ಬಂದಿತ್ತು. ನಿಜವಾದ ಒಂದು ಗುಡ್ಡ ಹತ್ತಬೇಕಿತ್ತು. ಒಂದು ದಿನ ಅವರದು, ಒಂದು ದಿನ ನನ್ನದು ಎಂದು ರಾಜಿಯಾಯಿತು. ಡೇರೆ ಮಾತ್ರ ಇಬ್ಬರದೂ.

ಪುಣೆಯ ಕನ್ನಡಿಗರಿಗೆ ಸವಾಯಿ ಗಂಧರ್ವ ಮಹೋತ್ಸವದ ಪರಿಚಯ ಮಾಡಿಕೊಡಬೇಕಿಲ್ಲ. 1952ರಲ್ಲಿ ಗುರುಗಳು ತೀರಿಕೊಂಡ ಮರುವರ್ಷವೇ ಅದು ಇಲ್ಲಿ ಶುರುವಾಯಿತು. ಭೀಮಸೇನ ಜೋಶಿಯವರು ಅದನ್ನು ಬೆಳೆಸಿದರು. ಡಿಸೆಂಬರಿನಲ್ಲಿ ಶಾಲು ಹೊದ್ದು, ಬುತ್ತಿ ಕಟ್ಟಿಕೊಂಡು ನಾವೂ ಎಷ್ಟೋ ವರ್ಷ ಕೂತು ಕೇಳಿದ್ದೇವೆ. ಆದರೆ ಆ ಹಾಡು ಯಾವ ನೆಲದಿಂದ ಬಂತೋ ಆ ಕುಂದಗೋಳಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ. ಶಿವಮೊಗ್ಗದ ಕಡೆಯವಳಿಗೆ ಎರೆಭೂಮಿ ಎಂದರೆ ರೈಲಿನ ಕಿಟಕಿಯಲ್ಲಿ ಹಾದುಹೋಗುವ ಕಪ್ಪು ಹೊಲ, ಅಷ್ಟೇ.

ಮೊದಲ ನಿಲ್ದಾಣ ಮೀರಜ. ಹಿಂದಿನ ಸೀಟಿನಲ್ಲಿ ಹಳೆಯ ಸೀರೆಗಳಲ್ಲಿ ಸುತ್ತಿದ ನಮ್ಮ ಅತ್ತೆಯವರ ತಂಬೂರಿಯನ್ನು ಮಲಗಿಸಿದ್ದೆವು. ಅತ್ತೆ ಹೋದದ್ದು 2019ರಲ್ಲಿ. ಅಂದಿನಿಂದ ಅದು ಗೋಡೆಗೆ ಒರಗಿಯೇ ಇತ್ತು, ಬುರುಡೆಗೆ ಸಣ್ಣ ಬಿರುಕೂ ಬಿದ್ದಿತ್ತು. ಮೀರಜದಲ್ಲಿ ತಂಬೂರಿ, ಸಿತಾರು ಮಾಡುವವರದೇ ಒಂದು ಗಲ್ಲಿಯಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ಈ ಕೆಲಸಕ್ಕೆ ಕೈಹಾಕಿದವಂತೆ. ಕುಂಬಳದಂಥ ದೊಡ್ಡ ಬುರುಡೆಗಳು ಪಂಢರಪುರದ ಕಡೆಯಿಂದ ಬರುತ್ತವೆ. 2024ರಲ್ಲಿ ಇಲ್ಲಿಯ ಸಿತಾರು, ತಂಬೂರಿಗಳಿಗೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಅಂಗಡಿಯ ಹಿರಿಯರು ಬುರುಡೆಯನ್ನು ಬೆರಳಿನಿಂದ ಬಡಿದು, ವೈದ್ಯರು ಎದೆ ಪರೀಕ್ಷಿಸುವ ಹಾಗೆ ಕಿವಿಗೊಟ್ಟು ಕೇಳಿದರು. ಆಮೇಲೆ ಕುದುರೆಯನ್ನು ನೋಡಿದರು. ತಂತಿಗಳು ಕೂರುವ ಆ ಪುಟ್ಟ ಪಟ್ಟಿಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ದಾರದ ಎಳೆ ಸರಿಸಿದರೇನೇ ಆ ಝೇಂಕಾರ ಹುಟ್ಟುವುದು. "ಎರಡು ತಿಂಗಳು ಬೇಕು" ಎಂದರು. ಆಮೇಲೆ ಸಹಜವಾಗಿ ಕೇಳಿದರು: "ಮನೆಯಲ್ಲಿ ಯಾರು ಹಾಡುತ್ತಾರೆ?"

ನಾವಿಬ್ಬರೂ ಉತ್ತರ ಕೊಡಲಿಲ್ಲ. ನಮ್ಮವರು ಕಾಲೇಜಿನವರೆಗೆ ತಾಯಿಯ ಹತ್ತಿರ ಕಲಿತವರು. ಬ್ಯಾಂಕಿನ ನೌಕರಿ ಸೇರಿದ ಮೇಲೆ ಸ್ನಾನದ ಮನೆಯಲ್ಲೂ ಹಾಡಿದ್ದಿಲ್ಲ.

ಅಲ್ಲೇ ಖಾಜಾ ಮೀರಾಸಾಹೇಬರ ದರ್ಗಾದಲ್ಲಿ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರ ಸಮಾಧಿಯಿದೆ. ಅವರು ತೀರಿಕೊಂಡದ್ದು 1937ರಲ್ಲಿ, ದೂರದ ತಮಿಳು ನಾಡಿನ ಒಂದು ರೈಲು ನಿಲ್ದಾಣದಲ್ಲಿ. ಮಣ್ಣಾದದ್ದು ಇಲ್ಲಿ. ಉರುಸಿನಲ್ಲಿ ಪ್ರತಿವರ್ಷ ಗಾಯಕರು ಬಂದು ಹಾಡಿ ಹೋಗುತ್ತಾರೆ. ನಾವು ಹೋದಾಗ ಯಾರೂ ಇರಲಿಲ್ಲ. ಹೂ ಇಟ್ಟು ಸ್ವಲ್ಪ ಹೊತ್ತು ಕೂತೆವು.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ಚಹಾಕ್ಕೆ ಮಾತ್ರ ನಿಂತದ್ದು. 1924ರಲ್ಲಿ ಅಲ್ಲಿ ಹುಟ್ಟಿದ ಶಿವಪುತ್ರನೇ ಕುಮಾರ ಗಂಧರ್ವ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕ. ಅಚ್ಚುಕಟ್ಟಾಗಿ ಇಟ್ಟಿದ್ದಾರೆ, ನೋಡಬೇಕಾದದ್ದೇ. ಆದರೆ ಹಾಡಿದವರು ಹೋದ ಮೇಲೆ ಕುರ್ಚಿ, ಕನ್ನಡಕ, ಪ್ರಶಸ್ತಿಪತ್ರಗಳು ಎಷ್ಟೆಂದು ಮಾತಾಡಿಯಾವು? ನಮ್ಮವರು ಒಂದೂವರೆ ತಾಸು ನಿಂತರು. ನಾನು ಹೊರಗೆ ಬಂದು ಕೂತೆ.

ಕುಂದಗೋಳದ ಹೊರಗೆ ನಮ್ಮವರ ಚಿಕ್ಕಪ್ಪನ ಮಗನ ಹೊಲವಿದೆ. ಕಣದ ಮೇಲೆ ಡೇರೆ ಬಿಚ್ಚುತ್ತಿದ್ದಂತೆ ಮೈದುನ, "ವೈನಿ, ಊರಾಗ ಮನಿ ಇರೂವಾಗ ಇದರಾಗ ಯಾಕ ಮಲಗ್ತೀರಿ? ಮಂದಿ ನನಗ ಏನಂದಾರು?" ಎಂದು ಗೋಳಾಡಿದ. ಕೊನೆಗೆ ಎರಡು ಕಂಬಳಿ, ಬುಟ್ಟಿ ತುಂಬ ಜೋಳದ ರೊಟ್ಟಿ, ಕಾವಲಿಗೆ ನಾಯಿ ಇಷ್ಟನ್ನು ಬಿಟ್ಟುಹೋದ.

ಅಂದು ಸಂಜೆ ನಾಡಿಗೇರ ವಾಡೆಯನ್ನು ನೋಡಿ ಬಂದಿದ್ದೆವು. ಮೈಸೂರು ದರಬಾರಿಗೆ ಹೋಗಿಬರುವಾಗ ಖಾನ್ ಸಾಹೇಬರು ತಂಗುತ್ತಿದ್ದದ್ದು ಅಲ್ಲಿ. ಅವರ ಶಿಷ್ಯರಾಗಿ ಈ ಊರಿನ ರಾಮಭಾವು ಸವಾಯಿ ಗಂಧರ್ವರಾದರು. ಹನ್ನೊಂದರ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರ ದೇಶವೆಲ್ಲ ಅಲೆದ ಭೀಮಸೇನರಿಗೆ, 1936ರಲ್ಲಿ, ಆ ಗುರು ಸಿಕ್ಕಿದ್ದು ಇಲ್ಲೇ, ಮನೆಯಿಂದ ಹೆಚ್ಚೇನೂ ದೂರವಲ್ಲದ ಕಡೆ! ರಾತ್ರಿ ಡೇರೆಯಲ್ಲಿ ಮಲಗಿದ್ದಾಗ ಹುಬ್ಬಳ್ಳಿಯ ಕಡೆಯಿಂದ ರೈಲಿನ ಸದ್ದು ಕೇಳಿತು. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಬರುತ್ತಿದ್ದ ಹಾದಿ ಅದೇ. ಪಾಠ ಮುಗಿಸಿ, ರೈಲು ಹಿಡಿದು, ಮನೆಗೆ ಹೋಗಿ ಮಕ್ಕಳಿಗೆ ಅಡಿಗೆ ಮಾಡಬೇಕು. ಈ ಒಂದು ಲೆಕ್ಕ ಯಾವ ವಸ್ತುಸಂಗ್ರಹಾಲಯದಲ್ಲಿಯೂ ನನ್ನ ತಲೆಗೆ ಹೊಳೆದಿರಲಿಲ್ಲ.

ಬೆಳಗಿನ ಜಾವ ಚಳಿಗೆ ಎಚ್ಚರವಾದಾಗ ನಮ್ಮವರು ಪಕ್ಕದಲ್ಲಿರಲಿಲ್ಲ. ಬದುವಿನ ಮೇಲೆ ಕಂಬಳಿ ಹೊದ್ದು ಕೂತು, ಬಲು ಮೆಲ್ಲಗೆ, ಷಡ್ಜ ಹಿಡಿದಿದ್ದರು. ದನಿ ಒಡೆಯುತ್ತಿತ್ತು. ನಾಯಿ ಬೊಗಳಿತು, ನಿಲ್ಲಿಸಿದರು, ಮತ್ತೆ ಹಿಡಿದರು. ನಾನು ನಿದ್ದೆಯಲ್ಲಿದ್ದವಳಂತೆ ಮಲಗಿಯೇ ಇದ್ದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಂದಾಗ ಮಾತ್ರ ನನಗೆ ನಾವು ಹೊರಟ ಕೆಲಸ ಕೈಗೂಡಿತೆನಿಸಿತು. ಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು ಅಂಧರಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಬಸವರಾಜ ರಾಜಗುರುಗಳೂ ಅವರ ಶಿಷ್ಯರೇ. 1944ರ ನಂತರ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅವರಿಗೂ ಕಣ್ಣಿರಲಿಲ್ಲ. ಇಲ್ಲಿ ಗಾಜಿನ ಪೆಟ್ಟಿಗೆ ನೋಡುವ ಪುರಸೊತ್ತಿಲ್ಲ. ಒಂದು ಕಡೆ ತಬಲಾ, ಒಂದು ಕಡೆ ಹಾರ್ಮೋನಿಯಂ, ಮಧ್ಯೆ ಹತ್ತು ವರ್ಷದ ಹುಡುಗನೊಬ್ಬ ತಂಬೂರಿಯ ಕಿವಿ ಹಿಂಡುತ್ತ ಶ್ರುತಿ ಕೂಡಿಸುತ್ತಿದ್ದ. ಕಣ್ಣಿಲ್ಲದ ಮಗು. ಒಂದು ತಂತಿ ಇಷ್ಟೇ ಇಷ್ಟು ತಪ್ಪಿತೆಂದು ನಾಲ್ಕು ಸಲ ಬಿಚ್ಚಿ ಬಿಗಿದ. ಅತ್ತೆಯವರ ತಂಬೂರಿ ಇಲ್ಲಿರಬೇಕಾದದ್ದು ಎಂದು ನನಗೆ ಆಗಲೇ ಅನ್ನಿಸಿತು. ನಮ್ಮವರಿಗೆ ಹೇಳಲಿಲ್ಲ.

ಮರುದಿನ ನನ್ನ ಸರದಿ: ಕಪ್ಪತಗುಡ್ಡ. ಹಿಂದಿನ ರಾತ್ರಿ ಗುಡ್ಡದ ಬುಡದ ಒಬ್ಬ ರೈತರ ಹೊಲದಲ್ಲಿ ಅವರನ್ನು ಕೇಳಿಯೇ ಡೇರೆ ಹಾಕಿದ್ದೆವು. ಗುಡ್ಡ ವನ್ಯಜೀವಿಧಾಮವಾದ್ದರಿಂದ ಮೇಲೆ ರಾತ್ರಿ ತಂಗುವ ಮಾತಿಲ್ಲ. ಸುಮಾರು 244 ಚದರ ಕಿಲೋಮೀಟರಿನ ಈ ಗುಡ್ಡಸಾಲಿಗೆ ಔಷಧಿ ಗಿಡಗಳಿಂದಲೇ ಹೆಸರು. 2016ರ ಕೊನೆಗೆ ಇದರ ಸಂರಕ್ಷಿತ ಪಟ್ಟ ತೆಗೆದುಹಾಕಿದಾಗ ಗದಗಿನ ಜನ, ಮಠಾಧೀಶರು ಧರಣಿ ಕೂತರು. 2017ರಲ್ಲಿ ಅದು ಮರಳಿ ಬಂತು, 2019ರಲ್ಲಿ ವನ್ಯಜೀವಿಧಾಮವಾಯಿತು. ನಮ್ಮ ಮಲೆನಾಡಿನಂತೆ ಹಸುರು ಇಲ್ಲಿ ಕಣ್ಣಿಗೆ ಬಂದು ಬೀಳುವುದಿಲ್ಲ, ಬಗ್ಗಿ ಹುಡುಕಬೇಕು. ಕುರುಚಲು, ಕೆಂಪು ಕಲ್ಲು, ಅಲ್ಲಲ್ಲಿ ನವಿಲಿನ ಕೂಗು, ದೂರದಲ್ಲಿ ಗಾಳಿಯಂತ್ರಗಳು. ನಾನು ಮುಂದೆ, ಅವರು ನಿಂತು ನಿಂತು ಹಿಂದೆ. ಬಿ.ಎ.ಯಲ್ಲಿ ವರ್ಡ್ಸ್‌ವರ್ತನ ನಡಿಗೆಗಳ ಬಗ್ಗೆ ಬಹಳ ಓದಿದ್ದೆ. ಜೊತೆಗೆ ತಂಗಿ ಡೊರೊಥಿಯೂ ಅಷ್ಟೇ ನಡೆದು ದಿನಚರಿ ಬರೆದಿಟ್ಟಳೆಂಬುದು ಪರೀಕ್ಷೆಗೆ ಬರುತ್ತಿರಲಿಲ್ಲ!

ಗಾಳಿಗುಂಡಿ ಬಸವಣ್ಣನ ಹತ್ತಿರ ಸೆರಗು ನಿಲ್ಲದಂಥ ಗಾಳಿ. ಬಂಡೆಯ ಮರೆಯಲ್ಲಿ ಕೂತು ಶೇಂಗಾ ಚಟ್ನಿ, ರೊಟ್ಟಿ ತಿನ್ನುವಾಗ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟೆ: "ರೀ, ತಂಬೂರಿ ಆಶ್ರಮಕ್ಕೆ ಕೊಟ್ಟುಬಿಡೋಣ."

ಅವರು ರೊಟ್ಟಿ ಮುಗಿಸಿ, ನೀರು ಕುಡಿದು, ಬಹಳ ಹೊತ್ತಿನ ಮೇಲೆ ಅಂದರು: "ಒಂದು ವರ್ಷ ನನಗ ಬಿಡು. ದಿನಾ ಮುಂಜಾನೆ ಕೂಡತೀನಿ. ಒಂದು ವಾರ ತಪ್ಪಿದರೂ ನೀನs ಗದಗಿಗೆ ಕಳಿಸು."

ಮುಂದಿನ ತಿಂಗಳು ಮೀರಜಕ್ಕೆ ಹೋಗಿ ತಂಬೂರಿ ತರಬೇಕು. ವರ್ಷದ ಲೆಕ್ಕ ಅಂದಿನಿಂದ. ಕ್ಯಾಲೆಂಡರು ಅಡಿಗೆಮನೆಯಲ್ಲಿ, ನನ್ನ ಕೈಯಲ್ಲೇ ಇದೆ.