ಎಡಗಡೆಯ ಸೊನ್ನೆ

ಸರ್ಕಾರಿ ಕಚೇರಿಯಲ್ಲಿ ಸಹಿಯಿಲ್ಲದ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಕಂಪ್ಯೂಟರಿನವರು ‘ಅನ್‌ಸೈನ್ಡ್ ಇಂಟಿಜರ್’ ಎಂದಾಗ ನಮ್ಮಂಥ ಗುಮಾಸ್ತರಿಗೆ ಮೊದಲು ನೆನಪಾಗುವುದು ಸಾಹೇಬರ ಹಸಿರು ಶಾಯಿಯೇ. ಇಲ್ಲಿ ಸೈನ್ ಎಂದರೆ ಸಹಿಯಲ್ಲ, ಋಣ ಚಿಹ್ನೆ. ಅದಕ್ಕೆ ಎಡೆಯಿಲ್ಲದೆ ಸೊನ್ನೆಯಿಂದ ಮೇಲಕ್ಕೆ ಮಾತ್ರ ಎಣಿಸುವ ಪೂರ್ಣಾಂಕಕ್ಕೆ ಈ ಹೆಸರು.

ಬಿಎಸ್‌ಸಿಯಲ್ಲಿ ಗಣಿತ ಓದಿದ ನನಗೂ ಒಂದು ಸಂಗತಿ ಸೋಜಿಗವೆನಿಸಿತ್ತು. ನಾವು 472 ಎಂದು ಒತ್ತಿದರೆ ಯಂತ್ರಕ್ಕೆ ಅದು ಸಂಖ್ಯೆಯಲ್ಲ, ಬರಿಯ ಮೂರು ಅಕ್ಷರಗಳ ಸಾಲು. ಆಸ್ಕಿ ಪಟ್ಟಿಯಲ್ಲಿ ಸೊನ್ನೆಯ ಕ್ರಮಾಂಕ 48, ಒಂಬತ್ತರದು 57. ಪ್ರತಿ ಅಕ್ಷರದ ಕ್ರಮಾಂಕದಿಂದ 48 ಕಳೆದರೆ ಅಂಕಿ ಸಿಕ್ಕಿತು. ಇದುವರೆಗಿನ ಮೊತ್ತವನ್ನು ಹತ್ತರಿಂದ ಗುಣಿಸಿ ಮುಂದಿನ ಅಂಕಿಯನ್ನು ಕೂಡುತ್ತ ಹೋಗಬೇಕು: 4, ಆಮೇಲೆ 47, ಆಮೇಲೆ 472. ನಮ್ಮ ಕನ್ನಡದ ‘೦’ ಯುನಿಕೋಡಿನಲ್ಲಿ 3302ನೆಯದು. ಪೈಥಾನ್ ಭಾಷೆ ‘೪೭೨’ ಎಂದು ಬರೆದರೂ ಒಪ್ಪಿಕೊಳ್ಳುತ್ತದೆ. ಹೊರನಾಡಿನ ನಮಗೆ ಇದೂ ಒಂದು ಸಮಾಧಾನ!

ಆದರೆ ಯಂತ್ರಕ್ಕೆ ವಿವೇಚನೆಯಿಲ್ಲ. ಸಿ ಭಾಷೆಯಲ್ಲಿ ಈ ಕೆಲಸಕ್ಕೆಂದೇ ಇರುವ ‘ಸ್ಟ್ರ್‌ಟೌಲ್’ ಎಂಬ ಫಂಕ್ಷನ್ನಿಗೆ ‘-1’ ಕೊಟ್ಟರೆ ಅದು ತಕರಾರು ಮಾಡುವುದಿಲ್ಲ. 32 ಬಿಟ್ ಲೆಕ್ಕದಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 295 ಎಂದು ಉತ್ತರ ಕೊಡುತ್ತದೆ. ಒಂದು ರೂಪಾಯಿ ಸಾಲಗಾರ ಕುಬೇರನಾದಂತೆ! ಎಡಗಡೆ ಸೊನ್ನೆಯಿದ್ದರೆ ಇನ್ನೊಂದು ಪೇಚು. ಯಾವ ಮೂಲಮಾನವೆಂಬುದನ್ನು ನೀನೇ ನೋಡಿಕೋ ಎಂದು ಬಿಟ್ಟರೆ, ಸೊನ್ನೆಯಿಂದ ಶುರುವಾದದ್ದನ್ನು ಅದು ಎಂಟರ ಲೆಕ್ಕವೆಂದು ತಿಳಿಯುತ್ತದೆ. ಆಗ ದೆಹಲಿಯ ದೂರವಾಣಿ ಸಂಕೇತ 011 ಬರಿಯ 9 ಆಗುತ್ತದೆ, ಮುಂಬಯಿಯ 022 ಹದಿನೆಂಟಾಗುತ್ತದೆ. ಎಂಟರ ಲೆಕ್ಕದಲ್ಲಿ 8 ಎಂಬ ಅಂಕಿಯೇ ಇಲ್ಲದ್ದರಿಂದ ನಮ್ಮ ಬೆಂಗಳೂರಿನ 080 ಸೊನ್ನೆಯಲ್ಲೇ ನಿಂತುಬಿಡುತ್ತದೆ. ಹತ್ತರ ಲೆಕ್ಕವೆಂದು ಹೇಳಿದರೂ ಎಡಗಡೆಯ ಸೊನ್ನೆ ಉಳಿಯುವುದಿಲ್ಲ.

ಇದು ಬರಿಯ ತಮಾಷೆಯಲ್ಲ. ನಮ್ಮ ಬಡಾವಣೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಪತ್ನಿಗೆ ಐದು ತಿಂಗಳು ಕುಟುಂಬ ಪಿಂಚಣಿ ಬರಲಿಲ್ಲ. ಬಾಡಿಗೆ ಮನೆ, ಮಾತ್ರೆಯ ಖರ್ಚು. ಹಿಂದಿಯೂ ಸರಿಯಾಗಿ ಬಾರದು. ಹೋದಲ್ಲೆಲ್ಲ ‘ಹಣ ಕಳಿಸಿದ್ದೇವೆ, ವಾಪಸು ಬಂದಿದೆ’ ಎಂಬ ಒಂದೇ ಉತ್ತರ. ಒಂದು ಶನಿವಾರ ಪಾಸ್‌ಬುಕ್ಕನ್ನೂ ಕಚೇರಿಯ ಪಟ್ಟಿಯ ಪ್ರತಿಯನ್ನೂ ಜೊತೆಗಿಟ್ಟು ಎಣಿಸಿದೆ. ಪಾಸ್‌ಬುಕ್ಕಿನ ಖಾತೆ ಸಂಖ್ಯೆಯಲ್ಲಿ 11 ಅಂಕಿ, ಪಟ್ಟಿಯಲ್ಲಿ 10. ಮೊದಲಿನ ಸೊನ್ನೆ ಬಿದ್ದುಹೋಗಿತ್ತು. ಖಾತೆ ಸಂಖ್ಯೆಯನ್ನು ಯಾರೋ ಪೂರ್ಣಾಂಕವಾಗಿ ಪರಿವರ್ತಿಸಿದ್ದರು. ಅರ್ಜಿ ಬರೆದುಕೊಟ್ಟೆ. ಮರುತಿಂಗಳು ಬಾಕಿ ಸಮೇತ ಹಣ ಬಂತು.

‘ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲವೇನಪ್ಪ? ಅದಕ್ಕೆ ಐದು ತಿಂಗಳು ಬೇಕಾಯಿತೇ?’ ಎಂದರು ಆಕೆ.

ಕೂಡಿ ಕಳೆಯಬೇಕಾದದ್ದನ್ನು ಮಾತ್ರ ಸಂಖ್ಯೆ ಮಾಡಬೇಕು. ಖಾತೆ, ದೂರವಾಣಿ, ನೌಕರನ ಗುರುತಿನ ನಂಬರು ಇವೆಲ್ಲ ಅಂಕಿಯಲ್ಲಿ ಬರೆದ ಹೆಸರುಗಳು. ಅಕ್ಷರದ ಸಾಲಾಗಿಯೇ ಇರಲಿ. ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸೋಣ. ಮನೆಯಲ್ಲಿ ಪಿಂಚಣಿದಾರರಿದ್ದರೆ ಪಾಸ್‌ಬುಕ್ಕಿನ ಅಂಕಿಗಳನ್ನು ಒಮ್ಮೆ ಬೆರಳಿಟ್ಟು ಎಣಿಸಿ ನೋಡಿ.