ಲ್ಯಾಮಿಂಗ್ಟನ್ ರೋಡಿನಲ್ಲಿ ಕನ್ನಡ ಹುಡುಕಿದ್ದು

ಕಳೆದ ತಿಂಗಳು ಬಹಳ ವರ್ಷಗಳ ಮೇಲೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ಕಾರಣ ಹಳೆಯದೇ, ಮೊಬೈಲು. ಹೊಸ ಫೋನು ತೆಗೆದುಕೊಂಡು ಒಂದು ತಿಂಗಳಾಗಿಲ್ಲ, ಕಿವಿಗಿಟ್ಟರೆ ಸ್ಕ್ರೀನು ಆರುವುದಿಲ್ಲ. ಕೆನ್ನೆ ತಾಗಿ ಮಾತು ಮ್ಯೂಟ್ ಆಗುತ್ತದೆ. ನಾನು ಇತ್ತ ಪುರಾಣ ಹೇಳುತ್ತಿರುತ್ತೇನೆ, ಅತ್ತ ಊರಲ್ಲಿ ತಂಗಿ "ಹಲೋ, ಹಲೋ" ಎನ್ನುತ್ತಿರುತ್ತಾಳೆ. ಕಂಪನಿಯವರನ್ನು ಕೇಳಿದರೆ ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದಂತೆ. ಈ ಮಾತನ್ನು ನಾನು 2012ರಲ್ಲೂ ಕೇಳಿದ್ದೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಮನಸ್ಸು ತಾನಾಗಿ ಅಲ್ಲಿಗೇ ಹೋಯಿತು.

ಆಗ ನಾನಿದ್ದದ್ದು ಡೊಂಬಿವಲಿಯಲ್ಲಿ. ಹದಿನೇಳು ಸಾವಿರ ಕೊಟ್ಟು ಹೊಸ ಮಾಡೆಲಿನ ಫೋನು ಕೊಂಡೆ, ಅದೂ ಮಾರುಕಟ್ಟೆಗೆ ಬಂದ ಮೊದಲ ವಾರದಲ್ಲೇ. ಮೊದಲ ವಾರದಲ್ಲಿ ಫೋನು ಕೊಳ್ಳುವುದೆಂದರೆ ಒಕ್ಕಲಾಗದ ಮನೆಯಲ್ಲಿ ಮಲಗಲು ಹೋದಂತೆ ಎಂದು ಆಗ ಗೊತ್ತಿರಲಿಲ್ಲ. ಚಾರ್ಜಿಗೆ ಹಾಕಿದರೆ ಕಾವಲಿಯ ಹಾಗೆ ಬಿಸಿ. ಅಲಾರಾಂ ಮನಸ್ಸು ಬಂದ ದಿನ ಮಾತ್ರ ಹೊಡೆಯುತ್ತಿತ್ತು. ಇದನ್ನೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಬೇರೆ. ಅದರಲ್ಲಿದ್ದದ್ದು ಆಂಡ್ರಾಯ್ಡ್ 4.0. ಅದಕ್ಕೆ ದೇವನಾಗರಿ, ಬಂಗಾಳಿ, ತಮಿಳು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಪಕ್ಕದ ಸೀಟಿನ ಮರಾಠಿ ಗೃಹಸ್ಥರು ತಮ್ಮ ಫೋನಿನಲ್ಲಿ ಸುದ್ದಿ ಓದುತ್ತಿದ್ದರೆ ನನ್ನ ಫೋನಿನಲ್ಲಿ ಕನ್ನಡವೆಂದರೆ ಸಾಲು ಸಾಲು ಖಾಲಿ ಡಬ್ಬಿಗಳು.

ಅದೇ ವರ್ಷ ಜೂನಿನಲ್ಲಿ ಗೂಗಲ್ಲು 4.1 ಎಂಬ ಹೊಸ ಆವೃತ್ತಿ ತೋರಿಸಿತು. ಕನ್ನಡ, ತೆಲುಗು, ಮಲಯಾಳಂ ಮೂರೂ ಅದರಲ್ಲಿ ಸೇರಿದ್ದವು. ನನ್ನ ಫೋನಿಗೂ ಅದು ಬರುತ್ತದೆಂದು ಕಂಪನಿ ಮಾತು ಕೊಟ್ಟಿತು. ಗಣೇಶ ಚೌತಿಯಾಯಿತು, ದೀಪಾವಳಿಯಾಯಿತು. ದಿನಕ್ಕೆರಡು ಸಲ ಸೆಟ್ಟಿಂಗ್ಸಿಗೆ ಹೋಗಿ ಅಪ್‌ಡೇಟ್ ಇದೆಯೇ ಎಂದು ಒತ್ತುವುದು, ನಿಮ್ಮ ಫೋನು ಅಪ್-ಟು-ಡೇಟ್ ಆಗಿದೆ ಎಂಬ ಉತ್ತರ ಓದುವುದು. ಠಾಣೆಯ ಸರ್ವಿಸ್ ಸೆಂಟರಿನ ಹುಡುಗಿಯಂತೂ ನನ್ನ ಮುಖ ಕಂಡರೇ ತಲೆಯಾಡಿಸುತ್ತಿದ್ದಳು.

ಊರಲ್ಲಿ, ಕುಂದಾಪುರದ ಹತ್ತಿರ, ಅಪ್ಪಯ್ಯನಿಗೆ ಕೈ ನಡುಗಲು ಶುರುವಾಗಿತ್ತು. ಮೂವತ್ತು ವರ್ಷ ಇನ್‌ಲ್ಯಾಂಡ್ ಲೆಟರಿನ ಅಂಚಿನವರೆಗೂ ಬರೆದ ಕೈ. ಈಗ ಅವರು ಹೇಳುವುದು, ತಂಗಿಯ ಮಗಳು ಕಂಪ್ಯೂಟರಿನಲ್ಲಿ ಟೈಪು ಮಾಡಿ ಮೇಲ್ ಕಳಿಸುವುದು. ಕಂಗ್ಲಿಷಿನಲ್ಲಿ ಬರೆಯಲು ಅಪ್ಪಯ್ಯ ಬಿಡುತ್ತಿರಲಿಲ್ಲ, ಕಾಗದವೆಂದರೆ ಕನ್ನಡ. ನಾನು ಅದನ್ನು ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಓದುತ್ತಿದ್ದೆ. ಆ ಜನವರಿಯಲ್ಲಿ ಕಂಪ್ಯೂಟರು ಕೆಟ್ಟು ಕೂತಿತ್ತು.

ಮೇಲ್ ಬಂದಿತ್ತು, ಫೋನಿನಲ್ಲಿ ಡಬ್ಬಿಗಳೂ ಕಂಡಿದ್ದವು. ದೊಡ್ಡ ಕಾಗದವೇ, ಡಬ್ಬಿಗಳ ನಡುವೆ ಅಲ್ಲಲ್ಲಿ ಒಂದೊಂದು ಅಂಕಿ. ಮರುದಿನ ಸಂಜೆ ಕುರ್ಲಾ ದಾಟುವಾಗ, ಬಾಗಿಲಲ್ಲಿ ಜೋತಾಡುತ್ತಿದ್ದಾಗ, ಅಪ್ಪಯ್ಯನ ಫೋನು ಬಂತು.

"ನಾ ಬರ್ದದ್ ಓದ್ದ್ಯಾ ಮಗಾ?"

ಓದಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಓದ್ದೆ ಅಪ್ಪಯ್ಯ."

"ಹಾಂಗಾರೆ ಏನ್ ಮಾಡುದು?"

ಗದ್ದಲದಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕಣ್ಣಿನ ಆಪರೇಷನ್ ವಿಚಾರವಿರಬೇಕು ಎಂದುಕೊಂಡೆ. "ನೀವ್ ಹೇಳ್ದಂಗೇ ಆಯ್ಲಿ" ಎಂದೆ. ಒಂದು ಕ್ಷಣ ಸುಮ್ಮನಿದ್ದು "ಸರಿ" ಎಂದು ಇಟ್ಟುಬಿಟ್ಟರು.

ಮೂರು ದಿನ ಬಿಟ್ಟು ಗೆಳೆಯನ ಮನೆಯಲ್ಲಿ ಆ ಮೇಲ್ ಓದಿದೆ. ಮನೆಯ ಕೆಳಗಿನ ಗದ್ದೆಯನ್ನು ನೆರೆಯವರು ಕೇಳುತ್ತಿದ್ದಾರೆ, ಒಳ್ಳೆಯ ಕ್ರಯ ಹೇಳಿದ್ದಾರೆ, ಸಾಗುವಳಿ ಮಾಡುವವರಿಲ್ಲ, ಕೊಡುವುದೇ ಸರಿ ಎಂದು ಕಾಣುತ್ತದೆ. ಆದರೆ ನನಗೆ ಪೂರ್ತಿ ಮನಸ್ಸಿಲ್ಲ, ನೀನು ಮುಂದೆ ಊರಿಗೆ ಬರುವವನಾದರೆ ಬೇಡ ಎನ್ನು, ಬಿಟ್ಟುಬಿಡುತ್ತೇನೆ. ಅಷ್ಟರಲ್ಲಿ ಮುಂಗಡ ಕೈಸೇರಿತ್ತು. ಅಪ್ಪಯ್ಯ ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವ ಜಾತಿಯಲ್ಲ. ಕಂಪನಿಯನ್ನು ಬೈದೆ, ಗೂಗಲ್ಲನ್ನೂ ಬೈದೆ. ಸುಳ್ಳು ಹೇಳಿದ್ದು ಫೋನಲ್ಲ, ನಾನು. ಆದರೂ ಆ ಶನಿವಾರವೇ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ.

ದಾದರಿನಲ್ಲಿ ಇಳಿದು ಸೇತುವೆ ಹತ್ತಿ ಪಶ್ಚಿಮ ರೈಲ್ವೆಯ ಸ್ಲೋ ಲೋಕಲ್ ಹಿಡಿದೆ. ಗ್ರಾಂಟ್ ರೋಡಿನಲ್ಲಿ ಇಳಿದರೆ ಆಗ ಮೊದಲು ಸಿಗುತ್ತಿದ್ದದ್ದು ಬಿ. ಮೆರ್ವಾನ್, 1914ರ ಇರಾನಿ ಹೋಟೆಲು. ಅಲ್ಲಿಯ ಮಾವಾ ಕೇಕು ಬೆಳಿಗ್ಗೆಯೇ ಮುಗಿದಿರುತ್ತಿತ್ತು, ನನಗೆ ಸಿಕ್ಕದ್ದು ಬನ್ ಮಸ್ಕಾ ಮತ್ತು ಚಹಾ. ಅಲ್ಲಿಂದ ನಡೆದರೆ ಲ್ಯಾಮಿಂಗ್ಟನ್ ರೋಡು. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಜನರ ಬಾಯಲ್ಲಿ ಮಾತ್ರ ನೂರು ವರ್ಷದ ಹಿಂದಿನ ಗವರ್ನರನ ಹೆಸರು. ಹೆಸರಿನ ಅಪ್‌ಡೇಟು ಕೂಡ ಎಲ್ಲರಿಗೂ ತಲುಪಿಲ್ಲ. 'ಶೋಲೆ' ಐದು ವರ್ಷಕ್ಕೂ ಮೇಲೆ ಓಡಿದ ಮಿನರ್ವಾ ಟಾಕೀಸು ಇದ್ದದ್ದು ಈ ರಸ್ತೆಯಲ್ಲೇ. ಎರಡೂ ಬದಿಗೆ ವಯರಿನ ಸುರುಳಿ, ಸ್ಪೀಕರು, ಸಿಸಿ ಕ್ಯಾಮೆರಾ, ಡಬ್ಬದಲ್ಲಿ ಅವರೆಕಾಳಿನಂತೆ ತುಂಬಿಟ್ಟ ಕೆಪಾಸಿಟರುಗಳು. ಗಾಳಿಯಲ್ಲಿ ಬೆಸುಗೆಯ ಹೊಗೆಯ ವಾಸನೆ. ನನಗೆ ಇಷ್ಟವಾದ ವಾಸನೆ ಅದು, ಯಾಕೆಂದು ಗೊತ್ತಿಲ್ಲ.

ಮೂರಡಿ ಅಗಲದ ಅಂಗಡಿ. ಆಜಂಗಢದ ಹುಡುಗ ಫೋನನ್ನು ಆಚೀಚೆ ತಿರುಗಿಸಿ, "ಭಾಯ್‌ಸಾಬ್, ಅಪ್‌ಡೇಟ್ ತೋ ಆಯೇಗಾ. ಕಬ್ ಆಯೇಗಾ, ವೋ ಕಂಪನಿ ಕೋ ಭೀ ನಹೀಂ ಮಾಲೂಮ್" ಎಂದ. ನನಗೆ ಅದರ ದಾರಿಯನ್ನೂ ತಿಳಿಸಿಕೊಟ್ಟವನು ಅವನೇ. ಗೂಗಲ್ಲು ಕೋಡು ಬಿಟ್ಟ ಕೂಡಲೇ ಫೋನಿಗೆ ಬರುವುದಿಲ್ಲ. ಒಳಗಿನ ಚಿಪ್ಪು ಮಾಡಿದವರು ತಮ್ಮ ಭಾಗ ಹೊಂದಿಸಿ ಕೊಡಬೇಕು. ಆಮೇಲೆ ಫೋನಿನ ಕಂಪನಿ ತನ್ನ ಅಲಂಕಾರವನ್ನೆಲ್ಲ ಅದರ ಮೇಲೆ ಹೊದಿಸಬೇಕು, ಪರೀಕ್ಷೆ ಮಾಡಬೇಕು. ಕೊನೆಗೆ ಕಂತು ಕಂತಾಗಿ ಬಿಡುತ್ತಾರೆ, ಮೊದಲು ಕೆಲವರಿಗೆ; ಅವರ ಫೋನು ಕೆಡದಿದ್ದರೆ ಉಳಿದವರಿಗೆ. ಅಷ್ಟರಲ್ಲಿ ಕಂಪನಿಗೆ ಹೊಸ ಮಾಡೆಲಿನ ಚಿಂತೆ. ಮಾರಿಹೋದ ಫೋನಿನಿಂದ ಅವರಿಗೇನು ಲಾಭ?

ರೂಟ್ ಮಾಡಿ ಕನ್ನಡದ ಫಾಂಟು ತುರುಕುತ್ತೇನೆ, ಐನೂರು ರೂಪಾಯಿ, ವಾರಂಟಿ ಹೋಗುತ್ತದೆ ಎಂದ. ಹಾಗೆ ಮಾಡಿದ ಒಂದು ಫೋನು ಅವನಲ್ಲೇ ಇತ್ತು, ತೋರಿಸಿದ. ಅಕ್ಷರ ಬಂದಿತ್ತು, ಒತ್ತಕ್ಷರ ಒತ್ತಾಗಿರಲಿಲ್ಲ. 'ಅಮ್ಮ' ಎಂಬುದು 'ಅಮ್‌ಮ' ಎಂದು ಬಿಡಿಬಿಡಿಯಾಗಿ ನಿಂತಿತ್ತು. ಫಾಂಟು ಇದ್ದರೆ ಸಾಲದು, ಅಕ್ಷರ ಜೋಡಿಸುವ ವಿದ್ಯೆ ಒಳಗಿರಬೇಕಂತೆ. "ಜಲೇಬಿ ಹೈ ನಾ, ಸಾಬ್" ಎಂದು ನಕ್ಕ. ಈ ಜಿಲೇಬಿಯ ಮಾತು ಮುಂಬಯಿಯಲ್ಲಿ ಕೇಳಿ ಕೇಳಿ ನನಗೆ ಸಕ್ಕರೆ ಕಾಯಿಲೆ ಬರುವುದೊಂದು ಬಾಕಿ.

ಪಕ್ಕದಲ್ಲಿ ಚಾರ್ಜರು ರಿಪೇರಿಗೆ ಕಾದಿದ್ದ ಕಾಲೇಜು ಹುಡುಗನೊಬ್ಬ ನಮ್ಮ ಮಾತು ಕೇಳುತ್ತಿದ್ದ. ಕಾಮಾಟಿಪುರದವನು. ಆ ಹೆಸರೇ ತೆಲಂಗಾಣದಿಂದ ಕೂಲಿಗೆ ಬಂದ ಕಾಮಾಟಿಗಳದ್ದು, ಅವನ ಮುತ್ತಜ್ಜನೂ ಹಾಗೆ ಬಂದವನಂತೆ. "ಮೇರಾ ತೆಲುಗು ಭೀ ಡಬ್ಬಾ ಹೀ ಥಾ" ಎಂದು ಫೋನು ಕೇಳಿ ತೆಗೆದುಕೊಂಡು, ಒಪೆರಾ ಮಿನಿ ಹಾಕಿ, ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಒತ್ತಿದ. ಪಟ್ಟಿಯ ಕೊನೆಯಲ್ಲಿ, ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟು ಬಳಸಲೇ ಎಂಬ ಪ್ರಶ್ನೆ. ಯೆಸ್ ಎಂದ. ಆಗ ಅಕ್ಷರಗಳನ್ನು ದೂರದ ಸರ್ವರು ಚಿತ್ರ ಮಾಡಿ ಕಳಿಸುತ್ತದೆ, ಫೋನಿಗೆ ಲಿಪಿ ಬಾರದಿದ್ದರೂ ನಡೆಯುತ್ತದೆ. ಅಪ್ಪಯ್ಯನ ಮೇಲ್ ತೆರೆದೆ. ಒಂದೊಂದೇ ಸಾಲು ಮೇಲಿನಿಂದ ಕೆಳಗಿಳಿಯಿತು, ಒತ್ತು, ದೀರ್ಘ ಎಲ್ಲ ಸರಿಯಾಗಿ. 'ನನಗೆ ಪೂರ್ತಿ ಮನಸ್ಸಿಲ್ಲ' ಎಂಬಲ್ಲಿಗೆ ಬಂದಾಗ ಫೋನು ಜೇಬಿಗೆ ಹಾಕಿಕೊಂಡೆ. ಒಂದು ಪೈಸೆ ಖರ್ಚಿಲ್ಲದ ಈ ಉಪಾಯ ಎರಡು ವಾರ ಮೊದಲು ಗೊತ್ತಿದ್ದರೆ!

ಆ ಹುಡುಗನಿಗೆ ಚಹಾ ಕುಡಿಸಿದೆ. ಊರಿಗೆ ಹೋದಾಗ ಅಪ್ಪಯ್ಯನ ಎದುರು ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. ಅಂದಿನಿಂದ ಪ್ರತಿ ಮೇಲ್ ಕಳಿಸಿದ ಮೇಲೆ ಫೋನು ಮಾಡಿ ಕೇಳುತ್ತಿದ್ದರು: "ಇವತ್ ಡಬ್ಬಿಯಾ, ಅಕ್ಷರವಾ?"

4.1 ನನ್ನ ಫೋನಿಗೆ ಬಂದದ್ದು ಆ ಮೇ ತಿಂಗಳಲ್ಲಿ. ಕನ್ನಡ ಬಂತು, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಈಗ ಕಾಲ ಸುಧಾರಿಸಿದೆ, ಒಪ್ಪಬೇಕು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಚಿಪ್ಪಿನವರ ಭಾಗವನ್ನೂ ಮೇಲಿನ ಭಾಗವನ್ನೂ ಬೇರೆ ಮಾಡಿದ್ದರಿಂದ ಕಾಯುವುದು ಕಡಿಮೆಯಾಯಿತು. 2023ರಿಂದ ಕೆಲವು ದುಬಾರಿ ಫೋನುಗಳಿಗೆ ಏಳು ವರ್ಷದ ಅಪ್‌ಡೇಟಿನ ಭರವಸೆಯೂ ಇದೆ. ಅಪ್ಪಯ್ಯ ಇಲ್ಲ. ಗದ್ದೆಯಿದ್ದಲ್ಲಿ ನೆರೆಯವರ ಎರಡು ಮಹಡಿಯ ಮನೆಯಿದೆ.

ಕಳೆದ ತಿಂಗಳು ಹುಡುಕಿದರೆ ಆ ಮೂರಡಿಯ ಅಂಗಡಿ ಕಾಣಲಿಲ್ಲ. ಆ ಜಾಗದಲ್ಲಿ ಕವರು, ಗ್ಲಾಸು ಮಾರುವವನು ಕೂತಿದ್ದ. ಇನ್ನೊಂದು ಅಂಗಡಿಯವನು ನನ್ನ ಫೋನನ್ನು ಕಿವಿಗಿಟ್ಟು, ತೆಗೆದು, ಮತ್ತೆ ಇಟ್ಟು ನೋಡಿ, ಹಾರ್ಡ್‌ವೇರಿನ ತೊಂದರೆ ಏನೂ ಇಲ್ಲ, ಅಪ್‌ಡೇಟ್ ಬರಲಿ ಎಂದ. ಯಾವಾಗ ಎಂದು ಕೇಳಿದೆ. ನಕ್ಕು, ಮುಂದಿನ ಗಿರಾಕಿಯತ್ತ ತಿರುಗಿದ. ತಂಗಿಗೆ ಸ್ಪೀಕರಿನಲ್ಲಿ ಹಾಕಿ ಫೋನು ಮಾಡುತ್ತ ಸ್ಟೇಷನ್ನಿನ ಕಡೆ ನಡೆದೆ.